ದಾದಾರ ಪಾಲಿನ ಪಾಕ

ನಮ್ಮ ಮನೆಯಲ್ಲಿ ದೆವ್ವವಿಲ್ಲ ಎಂಬುದು ನಿಮಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ನಮ್ಮನ್ನು ಅದರ ಜೊತೆ ಬಾಳಲು ಬಿಟ್ಟಿರಿ. ವಿಕ್ರೋಳಿಯ ನಮ್ಮ ಪುನರ್ವಸತಿ ಕಟ್ಟಡವನ್ನು ಕಟ್ಟಿದವರು, ಅದು ವಾಸಕ್ಕೆ ಯೋಗ್ಯವೆಂದು ಸಹಿ ಹಾಕಿದವರು, ದೂರು ಹೋದಾಗಲೆಲ್ಲ ಬಣ್ಣದ ಡಬ್ಬಿ ಹಿಡಿದು ಬಂದವರು ಓದಲೇಬೇಕೆಂದು ಈ ಅಧ್ಯಾಯವನ್ನು ಬರೆಯುತ್ತಿದ್ದೇನೆ. ಬಾಲ್ಯದ ಮನೆಯ ಬಗ್ಗೆ ಬರೆಯುವವರಿಗೆ ಆ ಮನೆ ಕೈತಪ್ಪಿ ಹೋದ ದುಃಖ ಇರುತ್ತದೆ. ನನಗೆ ಆ ಸೌಕರ್ಯವಿಲ್ಲ. ನನ್ನ ಬಾಲ್ಯದ ಮನೆ ಇನ್ನೂ ನಿಂತಿದೆ; ಹೇಗೆ ನಿಂತಿದೆ, ಎಷ್ಟು ಕಾಲ ನಿಂತಿರುತ್ತದೆ ಎಂಬುದೇ ನನ್ನ ಪ್ರಶ್ನೆ. ನಾನು ಮಾಟುಂಗದ ಬಾಡಿಗೆ ಕೋಣೆಯಲ್ಲಿ ಕುಳಿತು ಇದನ್ನು ಬರೆಯುವ ಹೊತ್ತಿಗೂ ಅಬ್ಬಾ ಮತ್ತು ಅಮ್ಮಿ ಅದೇ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿದ್ದಾರೆ.

ಅಲ್ಲಿಗೆ ಹೋಗುವ ಮೊದಲು ನಾವು ನಾಲಾ ಪಕ್ಕದ ಬಸ್ತಿಯ, ಅಂದರೆ ಜೋಪಡಿಪಟ್ಟಿಯ, ಒಂದೇ ಕೋಣೆಯಲ್ಲಿದ್ದೆವು. ರಸ್ತೆ ಅಗಲ ಮಾಡಬೇಕೆಂದು ಬಸ್ತಿಯನ್ನು ಕೆಡವಿ, ಅದರ ಬದಲಿಗೆ ನಮಗೆ ಈ ಕಟ್ಟಡದ ಬೀಗದ ಕೈ ಕೊಟ್ಟರು. ಒಂದು ಹೊರಕೋಣೆ, ಅದರೊಳಗೇ ತೆರೆದುಕೊಳ್ಳುವ ಅಡುಗೆಮನೆ, ಬಚ್ಚಲು. ನಾಲ್ಕು ಜನರಿಗೆ ಅದು ಅರಮನೆ. ಅಮ್ಮಿ ಮೊದಲ ದಿನ ಗೋಡೆಗಳನ್ನು ಮುಟ್ಟಿ ಮುಟ್ಟಿ ನೋಡಿದರು. ನನ್ನ ದಾದಿ, ಅಂದರೆ ಅಬ್ಬಾರ ತಾಯಿ, ಮಾತ್ರ ಹೊಸ್ತಿಲಲ್ಲೇ ಕುಳಿತುಬಿಟ್ಟರು. ಅವರ ಗಂಡ, ನನ್ನ ದಾದಾ, ಹಿಂದಿನ ವರ್ಷ ಬಸ್ತಿಯಲ್ಲಿಯೇ ತೀರಿಕೊಂಡಿದ್ದರು. ಸಿಂದಗಿ ಕಡೆಯ ಹಳ್ಳಿಯಲ್ಲಿ ಬೆಳೆದ ದಾದಿ ದೇವರಿಗೆ ದುವಾ ಮಾಡುವಾಗ ದಖ್ನಿ ಉರ್ದುವಿನಲ್ಲಿ, ಸಿಟ್ಟು ಬಂದಾಗ ಮತ್ತು ಸಂಕಟವಾದಾಗ ಕನ್ನಡದಲ್ಲಿ ಮಾತಾಡುತ್ತಿದ್ದರು. ಅಂದು ಕನ್ನಡದಲ್ಲಿ ಮಾತಾಡಿದರು.

“ಅವರಿಗೆ ಈ ಮನಿ ಗೊತ್ತಿಲ್ಲ. ಹಳೇ ಬಾಗಿಲಿಗೆ ಬಂದು ನಿಂತ್ರ ಅಲ್ಲಿ ಬಾಗಿಲಾನೂ ಇಲ್ಲ, ಗೋಡಿನೂ ಇಲ್ಲ. ಎಲ್ಲಿ ಹೋಗಬೇಕು ಅವರು?”

“ಅಮ್ಮಾ, ಫೋರ್ಟಿನ ಒಬ್ಬೊಬ್ಬ ವಕೀಲನ ಆಫೀಸ್ ಹುಡುಕಿ ಕೋಟ್ ಮುಟ್ಟಿಸಿ ಬಂದವರು ಅವರು,” ಎಂದರು ಅಬ್ಬಾ. ಅಪ್ಪ, ಮಗ ಇಬ್ಬರೂ ಫೋರ್ಟ್ ಪೇಟೆಯಲ್ಲಿ ವಕೀಲರ ಕಪ್ಪು ಕೋಟು ಹೊಲಿಯುವ ಅಂಗಡಿಯಲ್ಲಿ ದುಡಿದವರು. “ಒಂದು ಅಡ್ರೆಸ್ ತಪ್ಪಿಸಿಲ್ಲ. ವಿಕ್ರೋಳಿ ಏನ್ ದೂರ?”

ಅಬ್ಬಾ ತಾಯಿಯನ್ನು ನಗಿಸಲು ಆಡಿದ ಮಾತು ಅದು. ಆದರೆ ಕೆಲವೇ ದಿನಗಳಲ್ಲಿ, ಒಂದು ಮಧ್ಯಾಹ್ನ, ಅಮ್ಮಿ ಹಾಲು ತರಲೆಂದು ಹೊರಬಾಗಿಲಿನ ಚಿಲಕ ಸರಿಸಿ ಚಪ್ಪಲಿ ಹುಡುಕುತ್ತಿದ್ದಾಗ, ಬಾಗಿಲು ತಾನಾಗಿ ಒಳಗೆ ಬರತೊಡಗಿತು. ಗಾಳಿಗೆ ಬಡಿದುಕೊಂಡಂತಲ್ಲ, ಸಂಕೋಚದ ಮನುಷ್ಯನೊಬ್ಬ ತಳ್ಳಿದಷ್ಟು ನಿಧಾನವಾಗಿ. ಗೋಡೆಯವರೆಗೂ ಹೋಗದೆ, ಅರ್ಧ ದಾರಿಯಲ್ಲಿ ನೆಟ್ಟಗೆ ನಿಂತಿತು, ಒಳಗೆ ಬರುವವರಿಗಾಗಿ ಯಾರೋ ಹಿಡಿದು ನಿಂತಿರುವಂತೆ. ಹೊರಗೆ ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ದಾದಿ ತಸ್ಬೀಹಿನ ಮಣಿ ಎಣಿಸುವುದನ್ನು ನಿಲ್ಲಿಸಿ ಸೆರಗು ತಲೆಗೆ ಎಳೆದುಕೊಂಡರು.

“ಬಂದ್ರಾ? ಬರ್ರಿ. ನಾಲ್ಕು ಮಾಳಿಗಿ ಹತ್ತಿ ದಣಿದೀರಿ, ಕೂಡ್ರಿ.”

ನಾನು ಕಿಸಕ್ಕನೆ ನಕ್ಕೆ. ಅಮ್ಮಿ ನಗಲಿಲ್ಲ. ಧಾರವಾಡದಲ್ಲಿ ಕಾಲೇಜು ಕಲಿತ ಅಮ್ಮಿಗೆ ಇಂಥವುಗಳಲ್ಲಿ ನಂಬಿಕೆ ಇರಲಿಲ್ಲ. ಆದರೂ ಆ ದಿನ ಹಾಲು ತರಲು ಹೋದವರು ಬಾಗಿಲನ್ನು ಮುಚ್ಚದೆ ಹೋದರು. ಆಮೇಲೆ ಒಂದೊಂದೇ ಗುರುತುಗಳು ಕಾಣತೊಡಗಿದವು. ನೆಲ ಒರೆಸಿದ ನೀರು ಮೋರಿಯ ಕಡೆ ಹರಿಯದೆ ಎದುರು ಮೂಲೆಗೆ ಹೋಗಿ ನಿಲ್ಲುತ್ತಿತ್ತು. ಕೈಜಾರಿದ ನಿಂಬೆಹಣ್ಣು ಪ್ರತಿಸಲವೂ ಪಶ್ಚಿಮದ ಗೋಡೆಯವರೆಗೆ ಉರುಳಿ, ಅಲ್ಲಿ ಸುಮ್ಮನೆ ಕೂರುತ್ತಿತ್ತು. ಪೂರ್ವದ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಕೆಳತುದಿ ಗೋಡೆಗೆ ಅಂಟುತ್ತಿರಲಿಲ್ಲ. ಹಿಂದೆ ಯಾರೋ ಒಂದು ಬೆರಳು ಇಟ್ಟ ಹಾಗೆ ಮುಂದಕ್ಕೆ ಬಂದು ನಿಂತಿರುತ್ತಿತ್ತು. ನಾನು ಓದಲು ಕೂರುತ್ತಿದ್ದುದು ಅದರ ಕೆಳಗೆ. ತಲೆ ಎತ್ತಿದಾಗಲೆಲ್ಲ ಆ ಕಾಗದದ ಹಿಂದಿನ ತೆಳ್ಳಗಿನ ಕತ್ತಲು ಕಾಣುತ್ತಿತ್ತು. ಹಸ್ತವಿಟ್ಟು ಒತ್ತಿ ಹಿಡಿಯುತ್ತಿದ್ದೆ. ಬಿಟ್ಟರೆ ಅದು ಮತ್ತೆ ತನ್ನ ಜಾಗಕ್ಕೆ ಬರುತ್ತಿತ್ತು.

ನಮ್ಮ ಮನೆಯ ದೊಡ್ಡ ಅಡುಗೆ ಎಂದರೆ ಮೊಹರಂನ ಚೊಂಗೆ. ಗೋಧಿ ಹಿಟ್ಟನ್ನು ಕೆತ್ತನೆಯ ಮಣೆಯ ಮೇಲೆ ಒತ್ತಿ, ತುಪ್ಪ ಸವರಿ ಬೇಯಿಸಿ, ಬೆಲ್ಲದ ಪಾಕದಲ್ಲಿ ಅದ್ದಿ ಒಂದರ ಮೇಲೊಂದು ಪೇರಿಸುವ ರೊಟ್ಟಿ ಅದು. ದಾದಿಯ ಊರಿನಲ್ಲಿ ಜಾತಿ ನೋಡದೆ ಎಲ್ಲರೂ ಮಾಡುತ್ತಿದ್ದ ತಿನಿಸು. ದಾದಿ ಮದುವೆಯಲ್ಲಿ ತಂದ ತಾಮ್ರದ ದೇಗಚಿಯೇ ಅದಕ್ಕೆ ಆಗಬೇಕು. ಹಿಟ್ಟು ನಾದುವ ಪರಾತದಷ್ಟು ಅಗಲ, ಗಿಡ್ಡ. ಎದುರುಬದುರು ಎರಡು ಹಿಡಿ, ಹಿಡಿಗೊಂದರಂತೆ ಒಳಗೋಡೆಯಲ್ಲಿ ಒಂದೇ ಎತ್ತರಕ್ಕೆ, ಹಿಡಿಯನ್ನು ಬಿಗಿದ ಎರಡು ರಿವೆಟ್ ಮೊಳೆಗಳ ತಲೆ. ಪಾಕದ ಅಳತೆ ಎಂದರೆ ಆ ರಿವೆಟ್ಟು ಮುಳುಗುವಷ್ಟು. ಹಿಟ್ಟು, ತುಪ್ಪ, ಗಸಗಸೆ ಎಲ್ಲವೂ ಅದಕ್ಕೆ ತಕ್ಕಂತೆ. ದೇಗಚಿಯನ್ನು ನೆಲದ ಮೇಲೆ ಇಡುವುದಕ್ಕೂ ಒಂದು ರೀತಿ ಇತ್ತು. ಒಂದು ಹಿಡಿ ಪಶ್ಚಿಮಕ್ಕೆ, ನಮಾಜಿನ ದಿಕ್ಕಾದ ಕಿಬ್ಲಾದ ಕಡೆಗೆ. ದಾದಿ ಪೂರ್ವದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಕೂರುತ್ತಿದ್ದರು. ದೇಗಚಿಗೂ ಪಶ್ಚಿಮದ ಗೋಡೆಗೂ ನಡುವೆ ಒಂದು ಮಣೆಯಷ್ಟು ಜಾಗ ಖಾಲಿ ಬಿಡಬೇಕು. ಅದು ತೀರಿಹೋದವರ ಜಾಗ. ನಿಯಾಜ್, ಅಂದರೆ ಅವರ ಹೆಸರಿನ ಪ್ರಾರ್ಥನೆ ಮತ್ತು ಎಡೆ, ಮುಗಿಯುವವರೆಗೆ ಅಲ್ಲಿ ಯಾರೂ ಕೂರುವಂತಿಲ್ಲ, ದಾಟುವಂತಿಲ್ಲ. ಬಸ್ತಿಯ ಕೋಣೆಯಲ್ಲಿ ಆ ಜಾಗದ ನೆನಪು ನನಗಿಲ್ಲ. ಹೊಸ ಮನೆಯಲ್ಲಿ ಮಾತ್ರ ಅದು, ನಿಂಬೆಹಣ್ಣು ಹೋಗಿ ಕೂರುತ್ತಿದ್ದ ಜಾಗವೇ ಆಗಿತ್ತು.

ಆ ವರ್ಷ ದಾದಿಯ ಕಣ್ಣಿನಲ್ಲಿ ಪೊರೆ ಬೆಳೆಯತೊಡಗಿತ್ತು. ಕಾಣದ ರಿವೆಟ್ಟನ್ನು ನಂಬಿಕೊಂಡು ಎಷ್ಟು ವರ್ಷ ಚೊಂಗೆ ಮಾಡುವುದು ಎಂದು ಅಮ್ಮಿ ಡಿಜಿಟಲ್ ತಕ್ಕಡಿ ತಂದರು. ಖಾಲಿ ದೇಗಚಿಗೆ ಒಂದು ಲೀಟರಿನ ಬಾಟಲಿಯಲ್ಲಿ ನೀರು ಸುರಿದು ನೋಡಿದರು. ಮೂರು ಬಾಟಲಿಗೆ ರಿವೆಟ್ಟು ಮುಳುಗಿತು. ಹಾಗಾದರೆ ಪಾಕ ಮೂರು ಕಿಲೋ ಎಂದು ತೀರ್ಮಾನಿಸಿ, ತೂಗಿ, ಹುರುಪಿನಿಂದ ಸುರಿದರು. ಪಾಕ ರಿವೆಟ್ಟಿನ ಹತ್ತಿರಕ್ಕೂ ಬರಲಿಲ್ಲ. ದಾದಿ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು.

“ಧಾರವಾಡದ ಕಾಲೇಜಿನಾಗ ಪಾಕ ಮತ್ತ ನೀರು ಒಂದ ಅಂತ ಕಲಿಸಿದ್ರೇನ, ಬಹೂ?”

“ಲೀಟರ್ ಅಂದ್ರ ಕಿಲೋ ಅಲ್ಲೇನ್ರೀ, ಅಮ್ಮಾ?”

“ನೀರಿಗೆ ಹೌದು. ಬೆಲ್ಲಾ ನೀರಿನ ಹೊಟ್ಯಾಗ ಕುಂತದ ಅಲ್ಲ, ಅದರ ವಜನ್ ಯಾರು ಹೊರತಾರ?”

ಅಮ್ಮಿ ಕೆಂಪಾದರು, ಆಮೇಲೆ ನಕ್ಕರು. ಅದೇ ಬಾಟಲಿಯ ತುಂಬ, ಅದೇ ಒಂದೆಳೆ ಹದದ ಪಾಕ ತುಂಬಿ ತೂಗಿದಾಗ ಒಂದು ಕಿಲೋ ಮುನ್ನೂರು ಗ್ರಾಂ ದಾಟಿ ಇನ್ನಷ್ಟು ಬಂತು. ಮೂರು ಬಾಟಲಿಗೆ ನಾಲ್ಕು ಕಿಲೋ. ಇನ್ನೊಂದು ಕಿಲೋ ಮಾಡಿ ಸುರಿದಾಗ ರಿವೆಟ್ಟಿನ ತಲೆ ಮೆಲ್ಲಗೆ ಮುಳುಗಿತು. ರಿವೆಟ್ಟು ಎಂದರೆ ನಾಲ್ಕು ಕಿಲೋ: ನಮ್ಮ ಮನೆಯಲ್ಲಿ ಅದು ಆ ದಿನದಿಂದ ಕಾನೂನು. ನನಗೂ ಅದೊಂದು ಪಾಠ. ಪಾತ್ರೆ ಹೇಳುವುದು ಜಾಗದ ಮಾತು, ತಕ್ಕಡಿ ಹೇಳುವುದು ಇದ್ದದ್ದರ ಮಾತು. ಎರಡೂ ಹೊಂದುವವರೆಗೆ ಯಾರನ್ನೂ ನಂಬಬಾರದು ಎಂಬ ನನ್ನ ಸ್ವಭಾವ ಹುಟ್ಟಿದ್ದು ಆ ಅಡುಗೆಮನೆಯ ನೆಲದ ಮೇಲೆ.

ಮುಂದಿನ ಮೊಹರಂನಲ್ಲಿ ಅಮ್ಮಿ ತಪ್ಪದೆ ನಾಲ್ಕು ಕಿಲೋ ತೂಗಿ ಸುರಿದರು. ಪಾಕ ರಿವೆಟ್ಟನ್ನು ಮುಳುಗಿಸಿ ಅದರ ಮೇಲೂ ಒಂದು ಗೆರೆ ಏರಿತು. ದಾದಿ ಸೌಟಿನಿಂದ ಆ ಹೆಚ್ಚಿನದನ್ನು ತೆಗೆಸಿ ಒಂದು ಪುಟ್ಟ ಬಟ್ಟಲಿಗೆ ಹಾಕಿಸಿದರು. ಬಟ್ಟಲನ್ನು ಪಶ್ಚಿಮದ ಗೋಡೆಯ ಪಕ್ಕ, ಆ ಖಾಲಿ ಜಾಗದಲ್ಲಿ ಇಟ್ಟರು. “ಇದು ಅವರ ಪಾಲು. ಕೇಳಾಕತ್ತಾರ,” ಎಂದರು. ಕೊನೆಯ ಎರಡು ಚೊಂಗೆಗೆ ಪಾಕ ಸಾಲದೆ ಒಣಗಿಯೇ ಉಳಿದವು. ಅದರ ಮುಂದಿನ ವರ್ಷ ಪುಟ್ಟ ಬಟ್ಟಲು ಸಾಲಲಿಲ್ಲ; ಚಹಾ ಕಪ್ಪು ಬೇಕಾಯಿತು. ಅದಾದ ಮೇಲಿನ ವರ್ಷ ಕಪ್ಪಿನ ಅಂಚಿನಿಂದಲೂ ಪಾಕ ಇಳಿಯಿತು. ತೂಕ ಅದೇ, ದೇಗಚಿ ಅದೇ, ರಿವೆಟ್ಟು ಅದೇ. ಸತ್ತವರೊಬ್ಬರ ಹಸಿವು ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು. ನಾನು ಆ ಜಾಗದ ಕಡೆ ಬೆನ್ನು ಮಾಡಿ ಕೂರುವುದನ್ನು ಬಿಟ್ಟೆ. ಮುಖ ಮಾಡಿ ಕೂರುವುದನ್ನೂ ಬಿಟ್ಟೆ.

ಹೆದರಿಕೆ ಜಗಳದ ರೂಪದಲ್ಲಿ ಹೊರಗೆ ಬಂತು. ಒಣ ಚೊಂಗೆಗಳನ್ನು ನೋಡಿ ದಾದಿ ಒಮ್ಮೆ ಅಮ್ಮಿಯ ಕೈಯನ್ನೇ ಶಂಕಿಸಿದರು.

“ಪಾಕ ತೆಳ್ಳಗ ಮಾಡೀದಿ. ತೆಳ್ಳಗಿದ್ರ ಅಷ್ಟ ತೂಕಕ್ಕ ಹೆಚ್ಚ ಜಾಗಾ ಹಿಡಿತದ. ಅವರ ಪಾಲಿನಾಗ ನೀರು ಕೂಡಿಸಬ್ಯಾಡ.”

“ನಿಮ್ಮ ಕಣ್ಣಿಗೆ ಕಾಣಸದ ಎಳಿ ನನ್ನ ಬೆರಳಿಗೆ ಗೊತ್ತಾಗತದ್ರೀ, ಅಮ್ಮಾ. ಹದಾ ತಪ್ಪಿದ್ರ ನಾನಾ ಹೇಳತಿದ್ದೆ.”

ದಾದಿಯ ಮಾತು ನ್ಯಾಯವಾಗಿಯೇ ಇತ್ತು, ಅದೇ ಅಮ್ಮಿಗೆ ನೋವು. ಬಿರುಸಾಗಿ ವಾದ ಮಾಡುವ ಬದಲು ಅಮ್ಮಿ ಬಾಟಲಿ ತಂದು, ಅದೇ ಪಾಕ ತುಂಬಿ ತೂಗಿದರು. ಮೊದಲ ವರ್ಷ ಬಂದಷ್ಟೇ ಬಂತು. ತಕ್ಕಡಿ ಸುಳ್ಳು ಹೇಳುತ್ತಿದೆಯೇನೋ ಎಂದು ಬಿಚ್ಚದ ಒಂದು ಕಿಲೋ ಉಪ್ಪಿನ ಪಾಕೀಟು ಇಟ್ಟರು, ಅದೂ ಸರಿ. ಪಾಕ ತೆಳುವಲ್ಲ, ತಕ್ಕಡಿ ಕೆಟ್ಟಿಲ್ಲ. ದೇಗಚಿಯೇ ಕುಗ್ಗುತ್ತಿದೆ ಎನ್ನಬೇಕು, ಇಲ್ಲವೇ ದಾದಿಯ ಮಾತು ಒಪ್ಪಬೇಕು. ಅಮ್ಮಿ ತಕ್ಕಡಿಯನ್ನು ಒರೆಸಿ ಎತ್ತಿಟ್ಟರು. ಆಮೇಲೆ ಅವರು ದಾದಾರ ಬಗ್ಗೆ ತಮಾಷೆಗೂ ಮಾತಾಡಲಿಲ್ಲ. ಚಿಲಕ ಸರಿಸುವ ಮೊದಲು ತಲೆಗೆ ಸೆರಗು ಹಾಕಿಕೊಳ್ಳುವುದನ್ನು ನಾನು ನೋಡಿದೆ.

ಇದೇ ವರ್ಷಗಳ ನಡುವೆ ನಿಮ್ಮ ಮನುಷ್ಯ ಬಂದಿದ್ದ. ಕಟ್ಟಡ ಕಟ್ಟಿದ ಕಂಪನಿಯವನೆಂದು ಹೇಳಿಕೊಂಡು, ಚೀಲದ ತುಂಬ ಬಾಗಿಲು ಅಲುಗದಂತೆ ಅದರ ಬುಡಕ್ಕೆ ಹಾಕುವ ರಬ್ಬರ್ ಕಾಲಿನ ಸ್ಟಾಪರುಗಳನ್ನು ತಂದಿದ್ದ. ನಾವು ಯಾರಿಗೂ ದೂರು ಕೊಟ್ಟಿರಲಿಲ್ಲ. ದಾದಾ ಬರುತ್ತಾರೆಂದು ಯಾರಿಗೆ ದೂರು ಕೊಡುವುದು? ಆತ ಬಾಗಿಲು ಹೇಗಿದೆ ಎಂದು ಕೇಳಲಿಲ್ಲ. ಬಿಟ್ಟರೆ ಏನಾಗುತ್ತದೆ ಎಂದು ನೋಡಲಿಲ್ಲ. ಮಂಡಿಯೂರಿ, ಡ್ರಿಲ್ ಹಿಡಿದು, ಸ್ಟಾಪರ್ ಕೂರಿಸಿ ಎದ್ದ.

“ಫ್ರೀ ಹೈ, ಭಾಭೀ. ಸಬ್ ಘರ್ ಮೇ ಲಗಾ ರಹೇ ಹೈ,” ಎಂದ.

“ಎಲ್ಲರ ಮನ್ಯಾಗೂ ಯಾಕ?” ಎಂದು ದಾದಿ ಕನ್ನಡದಲ್ಲಿ ಕೇಳಿದ್ದು ಅವನಿಗೆ ತಿಳಿಯಲಿಲ್ಲ. ತಿಳಿದಿದ್ದರೂ ಉತ್ತರ ಕೊಡುತ್ತಿರಲಿಲ್ಲ. ಆತ ಹೋದ ಮೇಲೆ ದಾದಿ ಸ್ಟಾಪರಿನ ಕಾಲನ್ನು ಮೇಲಕ್ಕೆ ಎತ್ತಿಟ್ಟರು. ಬರುವವರ ಬಾಗಿಲಿಗೆ ಅಡ್ಡಗಾಲು ಹಾಕಲು ಅವರಿಗೆ ಮನಸ್ಸಾಗಲಿಲ್ಲ.

ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗಿನ ಮೊಹರಂ ಅದು. ಹೆಚ್ಚಿನ ಪಾಕಕ್ಕೆ ಅಮ್ಮಿ ಕೇಳದೆಯೇ ದೊಡ್ಡ ಬಟ್ಟಲು ತಂದಿಟ್ಟಿದ್ದರು. ಎದುರು ಮನೆಯ ಗಂಗಕ್ಕ ಚೊಂಗೆ ಒತ್ತಲು ಬಂದಿದ್ದರು. ಬೆಳಗಾವಿ ಕಡೆಯವರು, ಪ್ರತಿ ವರ್ಷ ಬರುವವರು. ದಾದಿ ಹೆಚ್ಚಿನದನ್ನು ತೆಗೆಸಿ ಬಟ್ಟಲು ತುಂಬಿಸಿ, ಗೋಡೆಯ ಕಡೆ ತಿರುಗಿ ಬಹಳ ಮೆತ್ತಗೆ ಕೇಳಿದರು: “ಹೊಟ್ಟಿ ತುಂಬವಲ್ದೇನ್ರೀ?” ಆ ಪ್ರಶ್ನೆಯಲ್ಲಿದ್ದ ಪ್ರೀತಿಗೇ ನಾನು ಹೆದರಿದೆ. ಇನ್ನು ತಡೆಯಲಾಗಲಿಲ್ಲ. ನಾನು ಎದ್ದು, ದೇಗಚಿಯನ್ನು ಬಳಸಿ ಹೋಗಿ, ಗೋಡೆಗೆ ಬೆನ್ನು ಕೊಟ್ಟು ದಾದಾರ ಜಾಗದಲ್ಲಿ ಕುಳಿತೆ.

“ಏಳು ಅಲ್ಲಿಂದ,” ಎಂದರು ದಾದಿ. ಏರಿದ ದನಿಯಲ್ಲ, ತಣ್ಣಗಿನ ದನಿ.

ನಾನು ಏಳಲಿಲ್ಲ, ಏಳಲು ಆಗಲಿಲ್ಲ. ಆ ಜಾಗದಿಂದ ದೇಗಚಿಯ ಇನ್ನೊಂದು ಒಳಗೋಡೆ ಕಾಣುತ್ತಿತ್ತು. ಇಷ್ಟು ವರ್ಷ ಪೂರ್ವದಲ್ಲಿ ಕೂರುತ್ತಿದ್ದ ನಮಗೆ ಕಂಡಿದ್ದು ಪಶ್ಚಿಮದ ರಿವೆಟ್ಟು ಒಂದೇ. ಪೂರ್ವದ ರಿವೆಟ್ಟು ದಾದಿಯ ಕಡೆಯ ಅಂಚಿನ ಮರೆಯಲ್ಲಿತ್ತು. ಅದನ್ನು ನೋಡಬೇಕಾದರೆ ಸತ್ತವರ ಜಾಗದಲ್ಲಿ ಕೂರಬೇಕಿತ್ತು. ಅದು ಮುಳುಗಿರಲಿಲ್ಲ. ಪಾಕಕ್ಕಿಂತ ಅರ್ಧ ಬೆರಳಿನಷ್ಟು ಮೇಲೆ, ಒಣಗಿ, ಹೊಳೆಯುತ್ತ ನಿಂತಿತ್ತು. ಒಂದು ಹನಿಯ ಕಲೆಯೂ ಅದಕ್ಕೆ ತಾಗಿರಲಿಲ್ಲ. ಅದೊಂದು ತೆರೆದ ಕಣ್ಣಿನಂತೆ ನನ್ನನ್ನು ನೋಡುತ್ತಿತ್ತು.

ಹಳೆಯ ಪತ್ರಿಕೆಗಳನ್ನು ಮಡಿಸಿ ದೇಗಚಿಯ ಪಶ್ಚಿಮದ ತಳಕ್ಕೆ ಒಂದೊಂದಾಗಿ ತೂರಿಸಿದೆ. ಒಂದೊಂದು ಮಡಿಕೆಗೂ ಪಾಕ ಪೂರ್ವಕ್ಕೆ ಸರಿಯಿತು. ಎರಡೂ ರಿವೆಟ್ಟಿನ ಕೆಳಗೆ ಅದು ಸಮವಾಗಿ ನಿಂತಾಗ ದಾದಾರ ಬಟ್ಟಲನ್ನು ಎತ್ತಿ ಮತ್ತೆ ದೇಗಚಿಗೆ ಸುರಿದೆ. ಎರಡು ರಿವೆಟ್ಟುಗಳೂ ಒಟ್ಟಿಗೆ, ಒಂದೇ ಕ್ಷಣದಲ್ಲಿ ಮುಳುಗಿದವು. ನಾಲ್ಕು ಕಿಲೋ. ಬಟ್ಟಲು ಖಾಲಿ. ಯಾರ ಪಾಲೂ ಉಳಿಯಲಿಲ್ಲ.

ಪಾಕ ಸಮವಾಗಿಯೇ ಇತ್ತು. ಸಮವಿಲ್ಲದಿದ್ದುದು ನೆಲ. ತಗ್ಗಿದ ಕಡೆಗೆ ಪಾಕ ಕೂಡಿಕೊಂಡು ಅಲ್ಲಿನ ರಿವೆಟ್ಟನ್ನು ಬೇಗ ಮುಳುಗಿಸುತ್ತಿತ್ತು. ನಾವು ಅದನ್ನೇ ಅಳತೆ ಎಂದು ನಂಬಿ ಮಿಕ್ಕಿದ್ದನ್ನು ಸತ್ತವರಿಗೆ ಕೊಡುತ್ತಿದ್ದೆವು. ಮೊದಲ ವರ್ಷ ಆ ತಗ್ಗು ನಿಂಬೆಹಣ್ಣು ಉರುಳುವಷ್ಟಿತ್ತೇ ಹೊರತು ರಿವೆಟ್ಟಿನ ಅಳತೆ ತಪ್ಪಿಸುವಷ್ಟು ಇರಲಿಲ್ಲ. ಪ್ರತಿ ವರ್ಷ ಆ ಪಾಲು ಹೆಚ್ಚಿತು ಎಂದರೆ ಪ್ರತಿ ವರ್ಷ ನೆಲ ಇನ್ನಷ್ಟು ತಗ್ಗಿತು. ಗಂಗಕ್ಕ ಎದ್ದು, ಒಂದು ನಿಂಬೆಹಣ್ಣು ತೆಗೆದುಕೊಂಡು ತಮ್ಮ ಮನೆಗೆ ಹೋದರು. ಹಿಂದೆಯೇ ನಾನೂ ಹೋದೆ. ಅವರ ನೆಲದ ಮೇಲೂ ಹಣ್ಣು ಪಶ್ಚಿಮಕ್ಕೇ ಉರುಳಿತು.

“ನನ್ನ ಬಾಗಿಲಾ ತೆರೆದಿಟ್ರ ತಾನಾ ಮುಚ್ಚಕೋತೈತಿ,” ಎಂದರು ಅವರು, ಹಣ್ಣನ್ನೇ ನೋಡುತ್ತ. “ಈ ಮನಿಗಿ ಬಂದವರು ಸೇರೂದಿಲ್ಲ ಅಂತ ನಾ ಯಾರನ್ನೂ ಕರೀತಿರಲಿಲ್ಲ. ದೇವರ ಹಣತಿ ಎಣ್ಣಿ ಒಂದ ಕಡೆ ಕೂಡತಿತ್ತು. ನನ್ನ ಕೈಯಾಗ ಏನೋ ದೋಷ ಐತಿ ಅಂತ…”

ಅಂದು ನಾವಿಬ್ಬರೂ ಮಹಡಿಯಿಂದ ಮಹಡಿಗೆ ಹೋದೆವು. ಬಾಗಿಲು ತೆರೆದವರೆಲ್ಲರ ಮನೆಯಲ್ಲಿ ಹಣ್ಣು ಒಂದೇ ದಿಕ್ಕಿಗೆ ಹೋಯಿತು. ಅದಕ್ಕಿಂತ ಭಯ ಹುಟ್ಟಿಸಿದ್ದು ಇನ್ನೊಂದು: ಎಲ್ಲರ ಮನೆಯಲ್ಲೂ ಒಬ್ಬರು ಇದ್ದರು. ಒಬ್ಬರಿಗೆ ತೀರಿಕೊಂಡ ಅತ್ತೆ, ಒಬ್ಬರಿಗೆ ಹುಟ್ಟದೆ ಹೋದ ಮಗು, ಇನ್ನೊಬ್ಬರಿಗೆ ಮಾಟ. ಪ್ರತಿಯೊಬ್ಬರೂ ತಮ್ಮ ಮನೆಯ ಗುಟ್ಟೆಂದು ಅದನ್ನು ಮುಚ್ಚಿಟ್ಟಿದ್ದರು. ಎಲ್ಲ ಬಾಗಿಲಿನ ಬುಡದಲ್ಲೂ ರಬ್ಬರ್ ಕಾಲಿನ ಸ್ಟಾಪರ್ ಇತ್ತು. ನಮ್ಮಲ್ಲಿ ಒಬ್ಬರಿಗೂ ಇನ್ನೊಬ್ಬರ ಬಾಗಿಲಿನ ಸಂಗತಿ ಗೊತ್ತಿರಲಿಲ್ಲ. ಎಲ್ಲ ಬಾಗಿಲುಗಳ ಸಂಗತಿಯೂ ಗೊತ್ತಿದ್ದವರು ನೀವು ಮಾತ್ರ.

ಮರಳಿ ಬಂದಾಗ ದಾದಿ ಇದ್ದಲ್ಲೇ ಕುಳಿತಿದ್ದರು. ಚೊಂಗೆಗಳೆಲ್ಲ ಪಾಕ ಕುಡಿದು ಪೇರಿಸಿದ್ದವು; ಅಷ್ಟು ವರ್ಷಗಳ ಮೇಲೆ ಒಂದೂ ಒಣಗಿ ಉಳಿದಿರಲಿಲ್ಲ. ಅಮ್ಮಿ ನಡೆದದ್ದನ್ನೆಲ್ಲ ಅವರಿಗೆ ದಖ್ನಿಯಲ್ಲಿ ಬಿಡಿಸಿ ಹೇಳಿದ್ದರು. ದಾದಿ ಖಾಲಿ ಬಟ್ಟಲನ್ನು ಕೈಯಲ್ಲಿ ತಿರುಗಿಸುತ್ತ ಕನ್ನಡದಲ್ಲಿ ಕೇಳಿದರು.

“ಹಂಗಾರ ಅವರು ಬಂದಾ ಇಲ್ಲೇನ?”

ಅಬ್ಬಾ ಹೊರಗೆ ಕಾರಿಡಾರಿಗೆ ಹೋದರು. ದಾದಿ ನಿಧಾನವಾಗಿ ಎದ್ದು, ಗೋಡೆ ಹಿಡಿದು ಬಾಗಿಲಿನವರೆಗೆ ನಡೆದು, ಸ್ಟಾಪರಿನ ಕಾಲನ್ನು ತಾವೇ ಕೆಳಗೆ ಒತ್ತಿದರು. ಮುಂದಿನ ಮೊಹರಂ ಹೊತ್ತಿಗೆ ಅವರು ಇರಲಿಲ್ಲ. ವಯಸ್ಸಾಗಿತ್ತು, ಅವರ ಸಾವನ್ನು ನಾನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಒಬ್ಬ ವಿಧವೆ ವರ್ಷಗಟ್ಟಲೆ ನಿಮ್ಮ ಕುಸಿಯುತ್ತಿರುವ ಪಾಯದ ಜೊತೆ ಗಂಡನೆಂದು ಮಾತಾಡಿದರು, ಅದಕ್ಕೆ ಉಣಬಡಿಸಿದರು. ಅದನ್ನು ನಿಮ್ಮ ತಲೆಗೆ ಕಟ್ಟುತ್ತೇನೆ.

ದೂರು ಕೊಟ್ಟೆವು. ಬಂದವರು ಬಿರುಕಿಗೆ ಸಿಮೆಂಟು ಮೆತ್ತಿ ಬಣ್ಣ ಹೊಡೆದರು. ಟೈಲ್ಸ್ ಹಾಕಿದ ಮಿಸ್ತ್ರಿಯ ತಪ್ಪು ಎಂದರು. ಕಚೇರಿಯಲ್ಲಿ ಒಬ್ಬ ಸಾಹೇಬರು ನನ್ನ ಮಾತು ಪೂರ್ತಿ ಕೇಳಿ, “ಬೆಲ್ಲದ ಪಾಕದಿಂದ ಕಟ್ಟಡ ಅಳೆದಿರೇನು, ಮ್ಯಾಡಮ್?” ಎಂದು ಮರಾಠಿಯಲ್ಲಿ ನಕ್ಕರು. ಹೌದು ಸಾಹೇಬರೇ, ಅಳೆಯಬೇಕಾದವರು ಅಳೆಯದಿದ್ದಾಗ ಮನೆಯಲ್ಲಿ ಇದ್ದದ್ದರಿಂದ ಅಳೆದೆವು. ಮಿಸ್ತ್ರಿಯ ತಪ್ಪಾಗಿದ್ದರೆ ಅದು ಹಾಕಿದ ದಿನ ಎಷ್ಟಿತ್ತೋ ಅಷ್ಟೇ ಇರಬೇಕಿತ್ತು. ಪ್ರತಿ ಮೊಹರಂಗೂ ಬೆಳೆಯಬಾರದಿತ್ತು. ಅಮ್ಮಿ ಈಗಲೂ ಪ್ರತಿ ವರ್ಷ ನಾಲ್ಕು ಕಿಲೋ ತೂಗಿ ಸುರಿಯುತ್ತಾರೆ, ಪಶ್ಚಿಮದ ರಿವೆಟ್ಟಿನ ಮೇಲಿನದನ್ನು ತೆಗೆದು ಬೇರೆ ತೂಗುತ್ತಾರೆ. ಹೋದ ವರ್ಷ ದೊಡ್ಡ ಬಟ್ಟಲು ಸಾಲಲಿಲ್ಲ. ಬೇರೆಡೆ ಹೋಗಿ ಎಂದರೆ ಅಬ್ಬಾ ಕೇಳುತ್ತಾರೆ, ಎಲ್ಲಿಗೆ? ಬಸ್ತಿಯ ಮೇಲೆ ಈಗ ನಿಮ್ಮ ರಸ್ತೆ ಇದೆ.

ಆದ್ದರಿಂದ ನಾನು ಈ ಮೂಲಕ ಸವಿನಯವಾಗಿ, ಆದರೆ ನನ್ನ ಹಕ್ಕಿನಿಂದ ಕೋರುತ್ತೇನೆ. ಕಟ್ಟಡದ ಪಾಯವನ್ನು ನಿಮ್ಮ ಸಂಬಳ ಉಣ್ಣದ ಎಂಜಿನಿಯರರಿಂದ ಪರೀಕ್ಷೆ ಮಾಡಿಸಿ, ಅವರು ಕಂಡದ್ದನ್ನು ಅಲ್ಲಿನ ಪ್ರತಿ ಮನೆಗೂ ತಿಳಿಸತಕ್ಕದ್ದು. ಪರೀಕ್ಷೆ ಮುಗಿಯುವವರೆಗೆ ಅಲ್ಲಿರುವವರಿಗೆ ವಿಕ್ರೋಳಿಯಲ್ಲಿಯೇ ಬೇರೆ ವಸತಿ ಕೊಡತಕ್ಕದ್ದು. ಯಾರೂ ಕೇಳದೆ ಎಲ್ಲ ಬಾಗಿಲಿಗೂ ಸ್ಟಾಪರ್ ಹಾಕಿಸಿದ ಆಜ್ಞೆ ಯಾರದು, ಆ ದಿನ ಅವರಿಗೆ ಏನು ಗೊತ್ತಿತ್ತು ಎಂಬುದಕ್ಕೆ ಸಹಿ ಮಾಡಿದ ಉತ್ತರ ಬೇಕು. ಉತ್ತರವನ್ನು ಬರುವ ಮೊಹರಂ ಒಳಗೆ ಕೊಡಿ. ಕೊಡಲಾಗದಿದ್ದರೆ ಆ ದಿನ ನೀವೇ ನಮ್ಮ ಮನೆಗೆ ಬನ್ನಿ. ನಾಲ್ಕು ಮಹಡಿ ಹತ್ತಿ. ಸ್ಟಾಪರಿನ ಕಾಲು ಎತ್ತಿಟ್ಟಿರುತ್ತೇವೆ; ಬಾಗಿಲು ತಾನಾಗಿ ತೆರೆದು ನಿಮಗಾಗಿ ಕಾಯುತ್ತದೆ. ಅಮ್ಮಿ ಪಾಕ ತೂಗಿ ಸುರಿಯುತ್ತಾರೆ. ಗೋಡೆಯ ಪಕ್ಕದ ಆ ಜಾಗದಲ್ಲಿ ನಿಮಗೆ ಮಣೆ ಹಾಕುತ್ತೇವೆ. ಅಲ್ಲಿ ಕುಳಿತು ಎದುರಿನ ರಿವೆಟ್ಟನ್ನು ನೋಡಿ, ಆಮೇಲೆ ಹೇಳಿ: ಆ ಬಟ್ಟಲಿನಲ್ಲಿ ಉಳಿದದ್ದು ಯಾರ ಪಾಲು?